ಮೆಟ್ರೋಪೋಲ್ ಹತ್ರ ಇಳಿಸಿಬಿಡಿ

ನಮ್ಮ ಮನೆಯಲ್ಲಿ ರಾತ್ರಿಯ ರೈಲು ಮಧ್ಯಾಹ್ನಕ್ಕೇ ಹೊರಡುತ್ತದೆ. ಅವ್ವ ಚೆನ್ನೈಯಲ್ಲಿರುವ ತಂಗಿಯ ಮನೆಗೆ ಹೋಗುವ ದಿನ ಹನ್ನೊಂದೂವರೆಗೆಲ್ಲ ಒಲೆಯ ಕೆಲಸ ಮುಗಿದು ಸಾಮಾನು ಜಗಲಿಗೆ ಬಂದಿರುತ್ತದೆ. ಬಟ್ಟೆಯ ಒಂದು ಬ್ಯಾಗು, ಕಾಫಿಪುಡಿ ಮತ್ತು ಕಾಳುಮೆಣಸಿನ ಇನ್ನೊಂದು ಚೀಲ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ನಡುವೆ ಇಟ್ಟ, ಅಡುಗೆಗೆ ಹಾಕುವ ಕಾಚಂಪುಳಿ ಹುಳಿಯ ಬಾಟಲಿ, ಕೊಡೆ. ಕಾವೇರಿ ಎಕ್ಸ್‌ಪ್ರೆಸ್ ಮೈಸೂರು ಬಿಡುವುದು ರಾತ್ರಿ ಊಟದ ಹೊತ್ತಿಗೆ. ಆದರೆ ಭಾಗಮಂಡಲದ ಕಡೆಯಿಂದ ಮಡಿಕೇರಿಗೆ ಬರುವ ಮಧ್ಯಾಹ್ನದ ಖಾಸಗಿ ಬಸ್ಸು ತಪ್ಪಿತೆಂದರೆ ಆ ರೈಲೂ ತಪ್ಪಿದ ಹಾಗೆಯೇ.

ಅವ್ವನಿಗೆ ಎಪ್ಪತ್ತು ದಾಟಿದೆ. ರೈಲು ಹತ್ತಿದ ಮೇಲೆ ಅವಳಿಗೆ ಚಿಂತೆಯಿಲ್ಲ. ಮಲಗಿ ಎದ್ದರೆ ಚೆನ್ನೈ. ಚಿಂತೆಯೆಲ್ಲ ರೈಲಿನವರೆಗಿನ ದಾರಿಯದು. ಭಾಗಮಂಡಲದಿಂದ ಮಡಿಕೇರಿಗೆ ಸುಮಾರು 36 ಕಿ.ಮೀ., ಅಲ್ಲಿಂದ ಮೈಸೂರಿಗೆ ಸುಮಾರು 120. ದೂರ ಅವಳನ್ನು ಹೆದರಿಸುವುದಿಲ್ಲ. ಕಿಟಕಿಯ ಪಕ್ಕ ಕೂತು ಪಿರಿಯಾಪಟ್ಟಣ ಎಲ್ಲಿ ಬರುತ್ತದೆ, ಹುಣಸೂರು ಎಲ್ಲಿ ಬರುತ್ತದೆ ಎಂದು ನನಗೇ ಪಾಠ ಹೇಳುತ್ತಾಳೆ. ಹೆದರಿಸುವುದು ಇಳಿದು ಹತ್ತುವ ಜಾಗಗಳು. ಒಂದು ಬಸ್ಸಿನಿಂದ ಇನ್ನೊಂದು ಬಸ್ಸಿಗೆ, ಬಸ್ಸಿನಿಂದ ಆಟೋಗೆ, ಆಟೋದಿಂದ ಪ್ಲಾಟ್‌ಫಾರಂಗೆ. ಈ ಮೂರು ಜಾಗಗಳಲ್ಲಿ ಯಾವುದಾದರೊಂದು ಅರ್ಧ ಕಿಲೋಮೀಟರ್ ಆಚೆ ಸರಿದರೂ ನಮ್ಮ ಮನೆಯ ಊಟದ ಹೊತ್ತು ಬದಲಾಗುತ್ತದೆ.

ಕೊಡಗಿನಲ್ಲಿ ಒಂದು ಅಡಿ ರೈಲು ಹಳಿಯೂ ಇಲ್ಲ. ಪ್ರತ್ಯೇಕ ಕೊಡಗು ರಾಜ್ಯಕ್ಕೆ 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚ ಮುಂದೆ 1967ರಿಂದ 1969ರವರೆಗೆ ದೇಶದ ರೈಲ್ವೆ ಮಂತ್ರಿಯಾಗಿದ್ದರು. ಅವರ ಜಿಲ್ಲೆಗೆ ಆಗಲೂ ರೈಲು ಬರಲಿಲ್ಲ. ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಘಟ್ಟದ ನೆತ್ತಿಯ ಮೇಲೆ ಕೂತಿರುವ, ಕಾಡು, ತೋಟ, ಹೊಳೆಗಳೇ ತುಂಬಿರುವ ನಾಡಿಗೆ ಹಳಿ ಹಾಕುವುದು ಸುಲಭವೂ ಅಲ್ಲ, ಎಲ್ಲ ಕಡೆ ಸರಿಯೂ ಅಲ್ಲ. ಮೈಸೂರಿನಿಂದ ತಲಶ್ಶೇರಿಗೆ ರೈಲು ಎಂಬ ಹಳೆಯ ಪ್ರಸ್ತಾಪ ತಲೆ ಎತ್ತಿದಾಗಲೆಲ್ಲ ಕೊಡಗಿನಲ್ಲಿ ವಿರೋಧ ಎದ್ದಿದೆ. ಆನೆಗಳ ದಾರಿಯನ್ನೂ ಕಾವೇರಿಯ ನೀರಿನ ಮೂಲವನ್ನೂ ಕಂಡವರಿಗೆ ಆ ವಿರೋಧ ಅರ್ಥವಾಗುತ್ತದೆ. ಮೈಸೂರಿನಿಂದ ಕುಶಾಲನಗರದವರೆಗಿನ 87 ಕಿ.ಮೀ. ಮಾರ್ಗಕ್ಕೆ 2019ರಲ್ಲಿ ರೈಲ್ವೆಯ ಒಪ್ಪಿಗೆ ಸಿಕ್ಕಿತು. ಆಗ ಹೇಳಿದ ವೆಚ್ಚ 1,854 ಕೋಟಿ ರೂಪಾಯಿಗೂ ಹೆಚ್ಚು. ಕುಶಾಲನಗರದವರು ಅಂದಿನಿಂದ ಕಾಯುತ್ತಿದ್ದಾರೆ.

ರೈಲು ಬೇಕೋ ಬೇಡವೋ ಎಂಬ ಈ ಚರ್ಚೆಯ ಬಗ್ಗೆ ನನಗೆ ಗೌರವವಿದೆ. ನನ್ನ ಸಂಕಟ ಬೇರೆ. ಆ ಚರ್ಚೆಯ ಸದ್ದಿನಲ್ಲಿ ಇನ್ನೊಂದು ಮಾತು ಯಾರಿಗೂ ಕೇಳಿಸುತ್ತಿಲ್ಲ. ಹಳಿ ಇರಲಿ ಇಲ್ಲದಿರಲಿ, ಕೊಡಗಿನವರು ದಿನವೂ ರೈಲು ಹತ್ತುತ್ತಲೇ ಇದ್ದಾರೆ. ರಜೆ ಮುಗಿಸಿ ಗಡಿಗೆ ಹೊರಡುವ ಸೈನಿಕ, ಮೈಸೂರು ಬೆಂಗಳೂರುಗಳಲ್ಲಿ ಓದುವ ಮಕ್ಕಳು, ದೊಡ್ಡ ಆಸ್ಪತ್ರೆಗೆ ಹೋಗುವ ವೃದ್ಧರು, ತೋಟದ ಲೈನ್ ಮನೆಗಳಿಗೆ ಬರುವ ಅಸ್ಸಾಮಿನ ಕಾರ್ಮಿಕರು. ದಕ್ಷಿಣ ಕೊಡಗಿನ ವಿರಾಜಪೇಟೆಯವರು ಮಾಕುಟ್ಟ ಘಟ್ಟ ಇಳಿದು ಕಣ್ಣೂರಿಗೋ ತಲಶ್ಶೇರಿಗೋ ಹೋಗುತ್ತಾರೆ, ಸಂಪಾಜೆಯವರು ಮಂಗಳೂರಿಗೆ, ಉಳಿದ ಬಹಳಷ್ಟು ಜನ ಮೈಸೂರಿಗೆ. ಇವರಿಗೆಲ್ಲ ರೈಲು ನಿಲ್ದಾಣದ ಮೊದಲ ಬಾಗಿಲು ಬಸ್ ನಿಲ್ದಾಣ. ಬಸ್ ನಿಲ್ದಾಣವನ್ನು ಎತ್ತಿ ಬೇರೆಡೆ ಇಟ್ಟರೆ ಇವರ ರೈಲು ನಿಲ್ದಾಣವನ್ನೇ ಎತ್ತಿ ಬೇರೆಡೆ ಇಟ್ಟ ಹಾಗೆ.

ಮಡಿಕೇರಿಯಲ್ಲಿ ಆಗಿದ್ದನ್ನೇ ನೋಡಿ. ಖಾಸಗಿ ಬಸ್ ನಿಲ್ದಾಣ ಹಿಂದೆ ಪೇಟೆಯ ನಡುವೆ ಇತ್ತು. ಮೂರ್ನಾಡಿನಿಂದ, ನಾಪೋಕ್ಲಿನಿಂದ, ಭಾಗಮಂಡಲದಿಂದ ಬಂದವರು ಅಲ್ಲಿ ಇಳಿದು, ಹೋಟೆಲಿನಲ್ಲಿ ಒಂದು ಕಾಫಿ ಕುಡಿದು, ಕೆಎಸ್‌ಆರ್‌ಟಿಸಿ ನಿಲ್ದಾಣಕ್ಕೆ ನಡೆದು ಹೋಗಿ ಮೈಸೂರು ಬಸ್ಸು ಹತ್ತುತ್ತಿದ್ದರು. 2018ರ ಮಳೆಗಾಲದಲ್ಲಿ ಆ ನಿಲ್ದಾಣದ ಹಿಂದಿನ ಗುಡ್ಡದ ಬರೆ ಜರಿಯಿತು. ಕಟ್ಟಡವನ್ನು ಕೆಡವಬೇಕಾಯಿತು. ಖಾಸಗಿ ಬಸ್ಸುಗಳು ರೇಸ್‌ಕೋರ್ಸ್ ರಸ್ತೆಯಲ್ಲಿ ಕಟ್ಟಿದ ಹೊಸ ನಿಲ್ದಾಣಕ್ಕೆ ಹೋದವು. ಹಳೆಯದನ್ನು ಜನ ಇವತ್ತಿಗೂ ಹಳೇ ಖಾಸಗಿ ಬಸ್ ನಿಲ್ದಾಣ ಎಂದೇ ಕರೆಯುತ್ತಾರೆ. ಬಸ್ಸಿಲ್ಲದ ಜಾಗಕ್ಕೆ ಬಸ್ಸಿನ ಹೆಸರು ಉಳಿದುಬಿಟ್ಟಿದೆ.

ಆ ವರ್ಷ ಕೊಡಗಿನ ಮೇಲೆ ಬಿದ್ದ ಮಳೆಯನ್ನು ಕಂಡವರು ಯಾರೂ ಈ ಸ್ಥಳಾಂತರವನ್ನು ತಪ್ಪೆನ್ನಲಾರರು. ಜೋಡುಪಾಲ, ಮೊಣ್ಣಂಗೇರಿಯ ಗುಡ್ಡಗಳು ಇಳಿದು ಬಂದವು, ಮಡಿಕೇರಿ–ಮಂಗಳೂರು ಹೆದ್ದಾರಿ ಮುಚ್ಚಿತು. ಅತ್ತ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲು ಮಾರ್ಗದ ಮೇಲೂ ಅದೇ ಆಗಸ್ಟಿನಲ್ಲಿ ಮಣ್ಣು ಬಿತ್ತು. ರಸ್ತೆಯೂ ಇಲ್ಲ, ಹಳಿಯೂ ಇಲ್ಲ ಎಂಬ ಸ್ಥಿತಿಯಲ್ಲಿ ಬರೆಯ ಕೆಳಗೆ ಜನರನ್ನು ನಿಲ್ಲಿಸಲು ಯಾರಿಗೆ ಧೈರ್ಯ ಬಂದೀತು? ಪೇಟೆಯ ಇಕ್ಕಟ್ಟಿನಲ್ಲಿ ಬಸ್ಸು ತಿರುಗಿಸುವ ಚಾಲಕರ ಪಾಡೂ ಆ ಹೊಸ ಜಾಗದಿಂದ ಕಡಿಮೆಯಾಗಿದೆ.

ಆದರೆ ಸ್ಥಳಾಂತರದ ದಿನ ಒಂದು ಪ್ರಶ್ನೆಯನ್ನು ಕೇಳಬೇಕಿತ್ತು. ಹೊಸ ನಿಲ್ದಾಣದಲ್ಲಿ ಇಳಿದವರು ಮುಂದೆ ಎಲ್ಲಿಗೆ ಹೋಗುತ್ತಾರೆ? ಮಡಿಕೇರಿಯ ಕಚೇರಿಗೋ ಅಂಗಡಿಗೋ ಬಂದವರು ಸಂಜೆ ಮನೆಗೆ ಮರಳುತ್ತಾರೆ, ಅವರ ಕೈಯಲ್ಲಿ ಒಂದು ಸಣ್ಣ ಚೀಲ. ರೈಲಿಗೆ ಹೊರಟವರ ಕೈಯಲ್ಲಿ ವಾರದ ಸಾಮಾನು ಇರುತ್ತದೆ. ಮಡಿಕೇರಿಯ ರಸ್ತೆಗಳು ಏರು ಇಳಿತದವು; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕೈ ಕೊಡೆಗೇ ಮೀಸಲು. ಉಳಿದ ಒಂದು ಕೈಯಲ್ಲಿ ಎರಡು ಬ್ಯಾಗು ಹಿಡಿದು ನಡೆಯುವವರಿಗೆ ಒಂದು ಕಿಲೋಮೀಟರ್ ಎಂದರೆ ಎಷ್ಟು ಎಂಬುದನ್ನು ನಕ್ಷೆ ಹೇಳುವುದಿಲ್ಲ. ಆಟೋ ಇದೆ, ನಿಜ. ಬಸ್ಸಿಗೆ ಕೊಟ್ಟಷ್ಟೇ ದುಡ್ಡನ್ನು ಆ ತುಂಡು ದಾರಿಗೂ ಕೊಡಬೇಕಾಗುವುದು ಕೂಲಿಯವರಿಗೆ ಹಗುರದ ಮಾತಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ತುಂಡು ದಾರಿಯ ತೂಕ ಇನ್ನೂ ಹೆಚ್ಚಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಖಾಸಗಿ ಬಸ್ಸಿನಲ್ಲಿ ಇದೆ. ಕೊಡಗಿನ ಒಳನಾಡಿಗೆ ಹೋಗುವ ಬಸ್ಸುಗಳಲ್ಲಿ ಖಾಸಗಿಯವೇ ಬಹಳ. ದಶಕಗಳಿಂದ ಕೆಸರಿನ ದಾರಿಯಲ್ಲಿ, ಜಡಿಮಳೆಯಲ್ಲಿ ನಮ್ಮ ಹಳ್ಳಿಗಳನ್ನು ಪೇಟೆಗೆ ಕಟ್ಟಿ ಹಿಡಿದಿರುವುದು ಅವೇ. ಹಾಗಾಗಿ ನಮ್ಮ ಹೆಂಗಸರು ಊರಿನಿಂದ ಖಾಸಗಿ ಬಸ್ಸಿನಲ್ಲಿ ದುಡ್ಡು ಕೊಟ್ಟು ಬಂದು, ಮಡಿಕೇರಿಯಲ್ಲಿ ಸರ್ಕಾರಿ ಬಸ್ಸಿಗೆ ಬದಲಾಯಿಸುತ್ತಾರೆ. ಅಂದರೆ ಎರಡು ನಿಲ್ದಾಣಗಳ ನಡುವೆ ನಡೆಯುವವರಲ್ಲಿ ಈಗ ಹೆಂಗಸರೇ ಹೆಚ್ಚು, ಅದರಲ್ಲೂ ಕೂಸು ಎತ್ತಿಕೊಂಡವರು, ಕಾಲುನೋವಿನ ಅಜ್ಜಿಯರು. ಉಚಿತ ಪ್ರಯಾಣದ ಆಸರೆ ಸಿಕ್ಕವರಿಗೇ ಈ ನಡಿಗೆಯ ಭಾರವೂ ಬಿದ್ದಿದೆ. ಎರಡೂ ನಿಲ್ದಾಣಗಳ ನಡುವೆ ದಿನವಿಡೀ ಓಡಾಡುವ ಒಂದೇ ಒಂದು ಚಿಕ್ಕ ಬಸ್ಸು ಸಾಕು. ಅದಕ್ಕೆ ಹೊಸ ಕಟ್ಟಡ ಬೇಡ, ಭೂಸ್ವಾಧೀನ ಬೇಡ.

ಮೈಸೂರಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ಏನಾಗುತ್ತದೆ ಎಂಬುದೇ ನನಗೆ ಈಗ ದೊಡ್ಡ ಆತಂಕ.

ಕೊಡಗಿನಿಂದ ಬರುವ ಬಸ್ಸುಗಳು ಹುಣಸೂರು ರಸ್ತೆಯಲ್ಲಿ ಹಿನಕಲ್ ದಾಟಿ, ಕಲಾಮಂದಿರದ ಮುಂದೆ ಸಾಗಿ ಮೆಟ್ರೋಪೋಲ್ ವೃತ್ತಕ್ಕೆ ಬರುತ್ತವೆ. ಅಲ್ಲಿಂದ ರೈಲು ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. ಬಸ್ಸು ಮಾತ್ರ ರೈಲು ನಿಲ್ದಾಣಕ್ಕೆ ಹೋಗದೆ ಗ್ರಾಮಾಂತರ ಬಸ್ ನಿಲ್ದಾಣಕ್ಕೆ, ಜನರ ಬಾಯಲ್ಲಿ ಸಬರ್ಬನ್ ಸ್ಟ್ಯಾಂಡಿಗೆ, ಹೋಗಿ ನಿಲ್ಲುತ್ತದೆ. ಅದು ರೈಲು ನಿಲ್ದಾಣದಿಂದ ಸುಮಾರು 2 ಕಿ.ಮೀ. ಅನುಭವ ಇಲ್ಲದವರು ಸಬರ್ಬನ್ನಿನಲ್ಲಿ ಇಳಿದು ಆಟೋ ಹಿಡಿದು ಹಿಂದಕ್ಕೆ ಬರುತ್ತಾರೆ. ಅನುಭವ ಇರುವವರು ಹಿನಕಲ್ ಬರುತ್ತಿದ್ದಂತೆ ಎದ್ದು ಮುಂದಿನ ಸೀಟಿಗೆ ಬರುತ್ತಾರೆ.

ಅವ್ವ ಇದನ್ನು ಕಲಿತದ್ದು ಮೂರನೆಯ ಪ್ರಯಾಣದಲ್ಲಿ. ಅಂದಿನಿಂದ ಮಡಿಕೇರಿಯಲ್ಲಿ ಬಸ್ಸು ಹತ್ತಿದ ಕೂಡಲೇ ಒಂದು ಸಲ, ಹುಣಸೂರು ಬಿಟ್ಟ ಮೇಲೆ ಇನ್ನೊಂದು ಸಲ ಹೇಳುತ್ತಾಳೆ: ‘ಕಂಡಕ್ಟ್ರೇ, ಮೆಟ್ರೋಪೋಲ್ ಹತ್ರ ಇಳಿಸಿಬಿಡಿ, ರೈಲಿಗೆ ಹೋಗ್ಬೇಕು.’ ‘ಆಯ್ತಮ್ಮ, ಮುಂದೆ ಬಂದು ಕೂತ್ಕೊಳಿ’ ಎನ್ನುವವರೇ ಹೆಚ್ಚು. ಕೆಲವರು ಸಾಮಾನನ್ನೂ ಕೆಳಗೆ ಇಳಿಸಿ ಕೊಟ್ಟಿದ್ದಾರೆ. ಆದರೆ ಎಪ್ಪತ್ತು ದಾಟಿದ ಹೆಂಗಸಿನ ರೈಲು ಪ್ರಯಾಣ ಒಬ್ಬ ನಿರ್ವಾಹಕನ ಒಳ್ಳೆಯತನದ ಮೇಲೆ ನಿಂತಿರಬಾರದು. ವಾಹನದಟ್ಟಣೆಯ ವೃತ್ತದ ಬಳಿ, ನಿಲ್ಲಬಾರದ ಕಡೆ ನಿಂತ ಬಸ್ಸಿನಿಂದ ಅವಸರದಲ್ಲಿ ಇಳಿಯುವುದೂ ಅಪಾಯವೇ. ಅಲ್ಲಿ ಬೇಕಿರುವುದು ಒಂದು ಅಧಿಕೃತ ನಿಲುಗಡೆ, ತಲೆಯ ಮೇಲೊಂದು ಮಾಡು, ‘ರೈಲು ನಿಲ್ದಾಣಕ್ಕೆ ಇಲ್ಲಿ ಇಳಿಯಿರಿ’ ಎಂಬ ಒಂದು ಫಲಕ.

ಇಂಥ ಹೊತ್ತಿನಲ್ಲಿ ಸಬರ್ಬನ್ ಸ್ಟ್ಯಾಂಡನ್ನು ಬನ್ನಿಮಂಟಪಕ್ಕೆ ಸ್ಥಳಾಂತರಿಸುವ ಯೋಜನೆಯ ಮಾತು ನಡೆದಿದೆ. ಈಗಿನ ನಿಲ್ದಾಣ ಇಕ್ಕಟ್ಟಾಗಿದೆ, ದಸರೆಯ ದಿನಗಳಲ್ಲಿ ಸುತ್ತಲಿನ ರಸ್ತೆಗಳೇ ಕಟ್ಟಿಹೋಗುತ್ತವೆ ಎಂಬುದು ಸುಳ್ಳಲ್ಲ. ಸುತ್ತಲಿನ ವ್ಯಾಪಾರಿಗಳು ವಿರೋಧಿಸಿದ್ದಾರೆ. ನಿಲ್ದಾಣ ಹೋದರೆ ಗಿರಾಕಿಯೂ ಹೋಗುತ್ತಾನೆ ಎಂಬ ಅವರ ಭಯವೂ ಸಹಜ. ಈ ಎರಡೂ ವಾದಗಳು ಪತ್ರಿಕೆಗಳಲ್ಲಿ ಬಂದವು. ರೈಲು ಹಿಡಿಯಲು ಬರುವ ಕೊಡಗಿನವರ ಮಾತು ಮಾತ್ರ ಎಲ್ಲಿಯೂ ಕಾಣಲಿಲ್ಲ.

ಬನ್ನಿಮಂಟಪ ಇರುವುದು ಬೆಂಗಳೂರು ರಸ್ತೆಯ ಕಡೆಗೆ, ನಗರದ ಉತ್ತರಕ್ಕೆ. ಬೆಂಗಳೂರಿನಿಂದ ಬರುವ ಬಸ್ಸಿಗೆ ಅದು ಬಹಳ ಅನುಕೂಲ. ಹುಣಸೂರು ರಸ್ತೆಯಿಂದ ಬರುವ ನಮ್ಮ ಬಸ್ಸಿಗೆ ಎರಡು ದಾರಿ ಉಳಿಯುತ್ತದೆ: ಮೆಟ್ರೋಪೋಲ್ ಮೂಲಕ ಊರೊಳಗೆ ಹೊಕ್ಕು ಆಚೆ ದಾಟುವುದು, ಇಲ್ಲವೇ ಹಿನಕಲ್‌ನಲ್ಲೇ ವರ್ತುಲ ರಸ್ತೆಗೆ ತಿರುಗಿ ಊರನ್ನು ಮುಟ್ಟದೆ ಹೋಗುವುದು. ಡೀಸೆಲ್ ಮತ್ತು ಹೊತ್ತಿನ ಲೆಕ್ಕ ಹಾಕುವವರು ಎರಡನೆಯದನ್ನು ಆರಿಸುವ ಸಂಭವವೇ ಹೆಚ್ಚು. ಹಾಗಾದ ದಿನ ಮೆಟ್ರೋಪೋಲ್ ಎಂಬ ನಮ್ಮ ಬಾಗಿಲು ಮುಚ್ಚುತ್ತದೆ. ಬನ್ನಿಮಂಟಪದಲ್ಲಿ ಇಳಿದು, ಸಂಜೆಯ ದಟ್ಟಣೆಯಲ್ಲಿ ಮತ್ತೆ ನಗರದೊಳಗೆ ಬರಬೇಕು. ಆಗ ಅವ್ವನ ಊಟ ಹನ್ನೆರಡಕ್ಕಲ್ಲ, ಹತ್ತೂವರೆಗೆ. ದಕ್ಷಿಣ ಕೊಡಗಿನ ಕುಟ್ಟದ ಕಡೆಯವರ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ನಾಗರಹೊಳೆಯ ರಸ್ತೆ ಸಂಜೆ 6ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುವುದರಿಂದ ಅವರ ದಿನವೇ ಹನ್ನೆರಡು ಗಂಟೆಯದು.

ಹೊಸ ನಿಲ್ದಾಣ ಕಟ್ಟಬಾರದೆಂದು ನಾನು ಹೇಳುವುದಿಲ್ಲ. ಕಟ್ಟಲಿ. ಆದರೆ ಹುಣಸೂರು ರಸ್ತೆಯ ಬಸ್ಸುಗಳು ರೈಲು ನಿಲ್ದಾಣದ ಬಳಿ ನಿಂತೇ ಮುಂದೆ ಹೋಗಬೇಕೆಂಬ ಒಂದು ಸಾಲು ಆ ಯೋಜನೆಯ ಕಾಗದದಲ್ಲಿ ಮೊದಲೇ ಇರಲಿ. ಕಟ್ಟಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಮೈಸೂರಿನವರಿಗೆ ಸಾತಗಳ್ಳಿಯ ನೆನಪಿದೆ. ಅಲ್ಲಿ ದೊಡ್ಡ ಬಸ್ ನಿಲ್ದಾಣ ಕಟ್ಟಿದರು, ಜನರ ದಾರಿ ಅದರ ಮೂಲಕ ಹಾಯಲಿಲ್ಲ, ವರ್ಷಗಟ್ಟಲೆ ಅದು ಬಹುಮಟ್ಟಿಗೆ ಖಾಲಿಯೇ ಉಳಿಯಿತು.

ಬೆಂಗಳೂರಿನಲ್ಲಿ ಈ ಪಾಠ ನಮಗೆ ಆಗಲೇ ಆಗಿಹೋಗಿದೆ. ಒಂದು ಕಾಲಕ್ಕೆ ಮಡಿಕೇರಿ ಬಸ್ಸು ಮೆಜೆಸ್ಟಿಕ್‌ನಿಂದಲೇ ಹೊರಡುತ್ತಿತ್ತು. ದೂರದ ರೈಲು ಇಳಿದವರು ರಸ್ತೆ ದಾಟಿದರೆ ಬಸ್ಸು. ಆಮೇಲೆ ಮೈಸೂರು, ಕೊಡಗಿನ ಕಡೆಯ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಹೋದವು. ನಗರದ ದಟ್ಟಣೆಗೆ ಅದು ಒಳ್ಳೆಯದೇ ಆಯಿತು. ರೈಲಿನಿಂದ ಇಳಿದ ಕೊಡಗಿನವರಿಗೆ ಮಾತ್ರ ರಸ್ತೆ ದಾಟುವ ಕೆಲಸ ಊರು ದಾಟುವ ಕೆಲಸವಾಯಿತು. ಮಧ್ಯರಾತ್ರಿ ಹೊತ್ತಿಗೆ ಟ್ರಂಕು ಹಿಡಿದು ನಿಂತ ಸೈನಿಕನಿಗೆ ಆಟೋದವರು ಹೇಳುತ್ತಿದ್ದ ದರವನ್ನು ಕೇಳಿದವರಿಗೇ ಗೊತ್ತು. 2016ರ ಏಪ್ರಿಲ್ ಕೊನೆಯಲ್ಲಿ ಮೆಟ್ರೋ ರೈಲು ನಿಲ್ದಾಣದಿಂದ ಮೈಸೂರು ರಸ್ತೆಯವರೆಗೆ ಓಡತೊಡಗಿದ ಮೇಲೆ ಸ್ವಲ್ಪ ಉಸಿರು ಬಂತು. ರೈಲು ನಿಲ್ದಾಣದ ಮೆಟ್ರೋದಲ್ಲಿ ಹತ್ತಿದರೆ ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ದಾಟಿ ಐದನೆಯದು ದೀಪಾಂಜಲಿ ನಗರ. ಸ್ಯಾಟಲೈಟ್‌ಗೆ ಅಲ್ಲೇ ಇಳಿಯುವುದು. ಹಗಲು ಬಂದವರಿಗೆ ಇದು ನಿಜಕ್ಕೂ ಸಹಾಯ. ಮೆಟ್ರೋ ಇಲ್ಲದ ನಡುರಾತ್ರಿಯಲ್ಲಿ ಹಳೆಯ ಕಥೆಯೇ.

ಅಷ್ಟರಲ್ಲಿ ರೈಲು ನಿಲ್ದಾಣವೇ ಸರಿಯಿತು. 2022ರ ಜೂನಿನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ತೆರೆದ ಮೇಲೆ ದೂರದ ಹಲವು ರೈಲುಗಳು ಅಲ್ಲಿಂದ ಹೊರಡುತ್ತವೆ. ಗುವಾಹಟಿಯ ರೈಲೂ ಅಲ್ಲಿಗೇ ಬರುತ್ತದೆ. ಕೊಡಗಿನ ತೋಟಗಳಲ್ಲಿ ಈಗ ಕಾಫಿ ಕೊಯ್ಯುವ ಕೈಗಳಲ್ಲಿ ಎಷ್ಟೋ ಅಸ್ಸಾಮಿನವು. ಎರಡು ರಾತ್ರಿ ರೈಲಿನಲ್ಲಿ ಕಳೆದು, ಹೆಂಡತಿ ಮಕ್ಕಳೊಂದಿಗೆ ಬೈಯಪ್ಪನಹಳ್ಳಿಯಲ್ಲಿ ಇಳಿದವರಿಗೆ ಕನ್ನಡ ಬಾರದು, ಓದಲು ಬಾರದವರೂ ಇದ್ದಾರೆ. ಗೊತ್ತಿರುವುದು ‘ಕೂರ್ಗ್’ ಎಂಬ ಒಂದೇ ಪದ, ಮೊಬೈಲಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರ ನಂಬರು. ಮೆಟ್ರೋ ನಿಲ್ದಾಣ ಟರ್ಮಿನಲ್ಲಿಗೆ ಅಂಟಿಕೊಂಡಿಲ್ಲ. ಅಲ್ಲಿಗೆ ಬೇರೆ ವಾಹನ ಹಿಡಿಯಬೇಕು, ಆಮೇಲೆ ಇಡೀ ನಗರವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಬೇಕು, ಆಮೇಲೆ ಸ್ಯಾಟಲೈಟ್‌ನಲ್ಲಿ ಮಡಿಕೇರಿಯ ಬೋರ್ಡು ಹುಡುಕಬೇಕು. ನಾನೊಮ್ಮೆ ಸ್ಯಾಟಲೈಟ್‌ನಲ್ಲಿ ಬೆಳಗಿನ ಬಸ್ಸಿಗೆ ಕಾಯುತ್ತಿದ್ದಾಗ ಅಂಥ ಒಂದು ಕುಟುಂಬ ಪ್ಲಾಸ್ಟಿಕ್ ಗಂಟುಗಳ ಮೇಲೆ ಕೂತಿತ್ತು. ‘ಕೂರ್ಗ್ ಬಸ್?’ ಎಂದು ಅವರಲ್ಲಿದ್ದ ಒಬ್ಬ ಹುಡುಗ ಕೇಳಿದ. ಅವರು ಹೋಗಬೇಕಿದ್ದುದು ಸುಂಟಿಕೊಪ್ಪದ ಬಳಿಯ ತೋಟಕ್ಕೆ. ಯಾವ ಬಸ್ಸಿನ ಮೇಲೂ ‘ಕೂರ್ಗ್’ ಎಂದು ಬರೆದಿರಲಿಲ್ಲ. ಹಿಂದಿನ ರಾತ್ರಿಯಿಂದ ಎರಡು ಬಸ್ಸು ಅವರ ಕಣ್ಣೆದುರೇ ಹೋಗಿದ್ದವು.

ಆ ಮುಖಗಳನ್ನು ನೋಡಿದಾಗ ನನಗೆ ಅಪ್ಪನ ನೆನಪಾಯಿತು. ಅಪ್ಪನ ಕಣ್ಣಿನ ಆಪರೇಷನ್ನಿಗೆ ದೂರದ ಆಸ್ಪತ್ರೆಯೊಂದರಲ್ಲಿ ದಿನ ಗೊತ್ತಾಗಿತ್ತು. ರೈಲು ಹಿಡಿಯಬೇಕಿದ್ದ ಊರಿಗೆ ಒಂದು ಗಂಟೆ ಮೊದಲೇ ತಲುಪುವ ಹಾಗೆ ಬಸ್ಸು ಹತ್ತಿದ್ದೆವು. ಆ ಊರಿನ ಬಸ್ ನಿಲ್ದಾಣ ದುರಸ್ತಿಯಲ್ಲಿತ್ತು. ಬಸ್ಸುಗಳನ್ನು ಊರ ಹೊರಗಿನ ಮೈದಾನಕ್ಕೆ ಕಳಿಸಿದ್ದರು. ಹತ್ತುವಾಗ ಯಾರೂ ಹೇಳಲಿಲ್ಲ, ಎಲ್ಲಿಯೂ ಬರೆದಿರಲಿಲ್ಲ. ಮೈದಾನದ ಕೆಸರಿನಲ್ಲಿ ಇಳಿದಾಗ ಸಂಜೆಗತ್ತಲು. ಒಂದು ಆಟೋಗೆ ಹತ್ತು ಜನ ಮುಗಿಬೀಳುತ್ತಿದ್ದರು. ನಾವು ಪ್ಲಾಟ್‌ಫಾರಂ ತಲುಪಿದಾಗ ರೈಲಿನ ಕೊನೆಯ ಡಬ್ಬಿಯ ಕೆಂಪು ದೀಪ ಕಾಣುತ್ತಿತ್ತು. ಅಪ್ಪ ಏನೂ ಹೇಳಲಿಲ್ಲ; ಬೆಂಚಿನ ಮೇಲೆ ಕೂತು ಪ್ಯಾಂಟಿನ ಮಡಿಕೆಯ ಕೆಸರು ಒರೆಸಿಕೊಂಡರು. ಆಸ್ಪತ್ರೆಯಲ್ಲಿ ಮತ್ತೊಂದು ದಿನ ಸಿಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಅವರು ಪೇಪರು ಓದಲಾಗದೆ ನನ್ನಿಂದ ಓದಿಸಿಕೊಂಡರು.

ಬಸ್ಸು ಮತ್ತು ರೈಲು ಒಂದೇ ಪ್ರಯಾಣದ ಎರಡು ತುಂಡು ಎಂದು ಒಪ್ಪಿದ ದೇಶಗಳಿವೆ. ನಮ್ಮ ಹಾಗೆಯೇ ಗುಡ್ಡ ಕಣಿವೆಗಳ ಸ್ವಿಟ್ಜರ್ಲೆಂಡಿನಲ್ಲಿ ಎಲ್ಲ ಹಳ್ಳಿಗೂ ರೈಲು ಹೋಗುವುದಿಲ್ಲ. 1982ರಿಂದ ಅಲ್ಲಿ ರೈಲುಗಳು ಗಂಟೆ ಗಂಟೆಗೆ ಒಂದೇ ನಿಮಿಷಕ್ಕೆ ಬರುವ ಹಾಗೆ ವೇಳಾಪಟ್ಟಿ ಮಾಡಿದರು. ಅಂಚೆಯ ಹಳದಿ ಬಸ್ಸುಗಳು ನಿಲ್ದಾಣದ ಅಂಗಳಕ್ಕೇ ಬಂದು ಆ ರೈಲಿನವರನ್ನು ಹತ್ತಿಸಿಕೊಂಡು ಕಣಿವೆಗೆ ಹೋಗುತ್ತವೆ. ಅಷ್ಟು ದೂರದ ಮಾತೇಕೆ, ನಮ್ಮ ಕೆಎಸ್‌ಆರ್‌ಟಿಸಿಯೇ ಮೈಸೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಿಗೆ ಫ್ಲೈಬಸ್ ಓಡಿಸುತ್ತಿದೆ. ವಿಮಾನದವರನ್ನು ಬಾಗಿಲಿಗೇ ಬಿಡುವ ಸಂಸ್ಥೆಗೆ ರೈಲಿನವರನ್ನು ಬಿಡುವುದು ಕಷ್ಟವಲ್ಲ. ಸಂಜೆ ಮಡಿಕೇರಿಯಿಂದ ಬರುವ ಎರಡು ಬಸ್ಸು ಮೈಸೂರು ರೈಲು ನಿಲ್ದಾಣದ ಎದುರು ನಿಂತು ಹೋಗಲಿ, ಬೆಳಿಗ್ಗೆ ಚೆನ್ನೈ ಬೆಂಗಳೂರುಗಳ ರೈಲು ಬಂದ ಮೇಲೆ ಎರಡು ಬಸ್ಸು ಅಲ್ಲಿಂದಲೇ ಕುಶಾಲನಗರ, ಮಡಿಕೇರಿಗೆ ಹೊರಡಲಿ. ಟಿಕೆಟ್ ಕಾಯ್ದಿರಿಸುವಾಗ ಹತ್ತುವ ಜಾಗಗಳ ಪಟ್ಟಿಯಲ್ಲಿ ‘ಮೈಸೂರು ರೈಲು ನಿಲ್ದಾಣ’ ಎಂಬ ಹೆಸರೂ ಇರಲಿ. 87 ಕಿ.ಮೀ. ಹಳಿ ಬರುವ ದಿನ ಬರಲಿ. ಇದನ್ನು ಬರುವ ವೇಳಾಪಟ್ಟಿಯಲ್ಲೇ ಮಾಡಬಹುದು.

ಮಡಿಕೇರಿ, ಮೈಸೂರು, ಬೆಂಗಳೂರು ಮೂರೂ ಕಡೆ ನಿಲ್ದಾಣ ಸರಿಸಿದ್ದಕ್ಕೆ, ಸರಿಸಹೊರಟಿದ್ದಕ್ಕೆ ಕಾರಣಗಳಿವೆ. ನಾನು ಪ್ರತಿ ಕಾರಣವನ್ನೂ ಒಪ್ಪಿದ್ದೇನೆ. ಒಪ್ಪಲಾಗದ್ದು ಒಂದೇ. ಪ್ರತಿ ಊರೂ ತನ್ನ ಊರಿನ ದಟ್ಟಣೆಯನ್ನು ಎಣಿಸುತ್ತದೆ, ತನ್ನ ಮೂಲಕ ಹಾದುಹೋಗುವವರನ್ನು ಯಾರೂ ಎಣಿಸುವುದಿಲ್ಲ. ಭಾಗಮಂಡಲದ ಹೆಂಗಸು ಮೈಸೂರಿನ ಮತದಾರಳಲ್ಲ, ಅಸ್ಸಾಮಿನ ಹುಡುಗ ಬೆಂಗಳೂರಿನ ಮತದಾರನಲ್ಲ. ಆಕ್ಷೇಪಣೆ ಸಲ್ಲಿಸಿ ಎಂದು ನಗರದ ಕಚೇರಿಯ ಗೋಡೆಗೆ ಅಂಟಿಸಿದ ಕಾಗದ ಇವರ ಕಣ್ಣಿಗೆ ಬೀಳುವುದೇ ಇಲ್ಲ.

ತುಲಾ ಸಂಕ್ರಮಣ ಮುಗಿದು ನೆಂಟರೆಲ್ಲ ಹೋದ ಮೇಲೆ ಅವ್ವ ಮತ್ತೆ ಚೆನ್ನೈಗೆ ಹೊರಡುತ್ತಾಳೆ. ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಕೆಳಗಿನ ಬರ್ತ್ ಸಿಕ್ಕಿದೆ. ಟಿಕೆಟ್ ಓದಿ ಹೇಳಿದಾಗ ಅವಳು ಬರ್ತಿನ ಬಗ್ಗೆ ಏನೂ ಕೇಳಲಿಲ್ಲ.

‘ಬಸ್ಸು ಈಗ್ಲೂ ಮೆಟ್ರೋಪೋಲ್ ಮೇಲೇ ಹೋಗ್ತದಲ್ಲ?’ ಎಂದು ಕೇಳಿದಳು.